ಮೀನಿನಂಗಡಿ ಇಡಲು ಹೊರಟ ಮಗ

ನಿಡಗುಂದಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: ‘ಮಗ ಬಿ.ಕಾಂ. ಮುಗಿಸಿದ್ದಾನೆ. ಎರಡು ಸಲ ಸರ್ಕಾರಿ ನೌಕರಿಯ ಪರೀಕ್ಷೆ ಬರೆದ. ಈಗ ವಿಜಯಪುರದಲ್ಲಿ ಮೀನಿನಂಗಡಿ ಇಡುತ್ತೇನೆಂದು ಹಟ ಹಿಡಿದಿದ್ದಾನೆ. ಮೀನು ಮಾರಲು ಇಷ್ಟು ಓದಬೇಕಿತ್ತೇ? ನೀವಾದರೂ ಬುದ್ಧಿ ಹೇಳಿ.’

ಹಿರಿಯರೇ, ಬುದ್ಧಿ ಹೇಳುವುದಿದ್ದರೆ ನಿಮಗೇ ಹೇಳಬೇಕಾಗಿದೆ. ನಿಮ್ಮ ಅಳುಕು ತಂದೆಯಾದವರಿಗೆ ಸಹಜ. ಒಂದು ದಿನ ಮಂಜುಗಡ್ಡೆ ಸಾಲದೆ ಹೋದರೆ ಬಂಡವಾಳವೇ ಕೊಳೆಯುವ ವ್ಯಾಪಾರ ಇದು, ಒಪ್ಪಿದೆ. ಆದರೆ ‘ಓದಬೇಕಿತ್ತೇ’ ಎಂಬ ಮಾತು ನನ್ನನ್ನು ನೋಯಿಸಿತು.

ಬೆಳಗಾವಿಯ ಪೇಟೆಯಲ್ಲಿ ನಾನು ವರ್ಷಗಳಿಂದ ಒಬ್ಬ ತಾಯಿಯ ಬಳಿಯೇ ಮೀನು ಕೊಳ್ಳುತ್ತೇನೆ. ಈಳಿಗೆಯ ಮುಂದೆ ಕುಳಿತು ಹುರುಪೆ ಕೆರೆದು, ಹೊಟ್ಟೆ ಸೀಳಿ, ಹಸಿರು ಪಿತ್ತದ ಚೀಲವನ್ನು ಎರಡೇ ಬೆರಳಲ್ಲಿ ಮೆಲ್ಲಗೆ ಬಿಡಿಸುತ್ತಾರೆ. ಅದು ಒಡೆದರೆ ಮಾಂಸವೆಲ್ಲ ಕಹಿ. ಕಿವಿರಿನ ಕೆಂಪು ಮಾಸಿದ್ದರೆ, ಬೆರಳೊತ್ತಿದ ಗುಳಿ ಮೇಲೇಳದಿದ್ದರೆ ಆ ಮೀನು ತಕ್ಕಡಿಗೆ ಬರುವುದಿಲ್ಲ. ‘ಇವತ್ತು ಬಂಗಡೆ ಬೇಡ, ನಾಳೆ ಬನ್ನಿ’ ಎಂದು ನನ್ನನ್ನು ಬರಿಗೈಯಲ್ಲಿ ಕಳುಹಿಸಿದ್ದೂ ಉಂಟು. ಜೂನ್, ಜುಲೈನಲ್ಲಿ ಕರಾವಳಿಯ ಯಾಂತ್ರಿಕ ದೋಣಿಗಳಿಗೆ 61 ದಿನ ನಿಷೇಧ. ಆಗ ಅವರ ಬುಟ್ಟಿಯಲ್ಲಿ ಕಾಟ್ಲಾ, ರೋಹು. ಇದು ವಿದ್ಯೆಯಲ್ಲವೇ?

ಮಗ ಅಂಗಡಿಯ ಬಾಡಿಗೆಗೆ ಮುಂಗಡ ಕೊಡುವ ಮೊದಲು ಆರು ತಿಂಗಳು ಪಳಗಿದವರೊಬ್ಬರ ಕೈಕೆಳಗೆ ದುಡಿಯಲಿ. ನಸುಕಿನಲ್ಲೇ ಆಲಮಟ್ಟಿ ಹಿನ್ನೀರಿನ ದಡಕ್ಕೆ ಹೋಗಿ ಬಲೆಯವರ ಪರಿಚಯ ಮಾಡಿಕೊಳ್ಳಲಿ. ಮೀನಿನಷ್ಟೇ ತೂಕದ ಮಂಜುಗಡ್ಡೆ ಹಾಕುವುದನ್ನು ರೂಢಿಸಿಕೊಳ್ಳಲಿ. ತಲೆ, ಕರುಳು ತೆಗೆದ ಮೇಲೆ ಉಳಿಯುವ ತೂಕಕ್ಕೆ ದರ ಕಟ್ಟುವಾಗ ಅವನ ಬಿ.ಕಾಂ. ಅಲ್ಲಿಯೇ ಕೆಲಸಕ್ಕೆ ಬರುತ್ತದೆ. ಆಹಾರ ಸುರಕ್ಷತಾ ನೋಂದಣಿ ತಪ್ಪಿಸಬಾರದು. 2020ರಲ್ಲಿ ಆರಂಭವಾದ ಮತ್ಸ್ಯ ಸಂಪದಾ ಯೋಜನೆಯಲ್ಲಿ ಐಸ್ ಪೆಟ್ಟಿಗೆಯುಳ್ಳ ಬೈಕಿಗೂ ಸಹಾಯಧನ ಇಟ್ಟಿದ್ದರು. ಈಗ ಏನು ಸಿಗುತ್ತದೆಂದು ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಲಿ.

ನಿಮ್ಮ ತಾಲ್ಲೂಕಿನ ಪಕ್ಕದಲ್ಲೇ ಬಸವನಬಾಗೇವಾಡಿ ಇದೆ. ಆ ಬಸವಣ್ಣನ ಕಾಲದ ಅಂಬಿಗರ ಚೌಡಯ್ಯ ಕಸುಬಿನ ಹೆಸರನ್ನೇ ವಚನದ ಅಂಕಿತ ಮಾಡಿಕೊಂಡ. ನಾವೋ ಜಯಂತಿಯ ದಿನ ಕಾಯಕದ ಭಾಷಣ ಕೇಳಿ ಚಪ್ಪಾಳೆ ತಟ್ಟುತ್ತೇವೆ, ಮರುದಿನ ಮೀನಿನವರಿಗೆ ಮಳಿಗೆ ಬಾಡಿಗೆಗೆ ಕೊಡಲು ಹಿಂಜರಿಯುತ್ತೇವೆ. ಊರೂರಿನ ಮೀನು ಪೇಟೆಗಳಿಗೆ ಒಂದು ನೆಟ್ಟಗಿನ ಚರಂಡಿಯಿಲ್ಲ, ನಲ್ಲಿಯಿಲ್ಲ. ಆಮೇಲೆ ವಾಸನೆಯೆಂದು ಮೂಗು ಮುಚ್ಚಿಕೊಳ್ಳುತ್ತೇವೆ. ಇತ್ತ ಕೋಚಿಂಗ್ ಕೋಣೆಗಳಲ್ಲಿ ಹುಡುಗರು ಮೂವತ್ತು ದಾಟಿದರೂ ಅಪ್ಪನ ಹಣದಲ್ಲಿ ಹಾಲ್ ಟಿಕೆಟ್ ಕಾಯುತ್ತಾರೆ. ನಿಮ್ಮ ಮಗ ಆ ಸಾಲಿನಿಂದ ಎದ್ದು ಬಂದಿದ್ದಾನೆ. ಅವನ ಕೈ ಹಿಡಿಯಿರಿ.

ಒಂದು ಮಾತು: ಶ್ರಾವಣದಲ್ಲಿ ನಮ್ಮ ಕಡೆ ಬಹಳ ಮನೆಗಳಲ್ಲಿ ಮೀನು ಬೇಯುವುದಿಲ್ಲ. ಅಂಗಡಿಯ ಬಾಗಿಲು ಅದು ಕಳೆದ ಮೇಲೆ ತೆರೆಯಲಿ, ಮೊದಲ ದಿನ ಗಲ್ಲಾಪೆಟ್ಟಿಗೆಯ ಮುಂದೆ ನೀವೇ ಕುಳಿತಿರಿ.