ನಮ್ಮ ಮುಧೋಳ ನಾಯಿ ಒಂದು ಕಡೆ ನಿಲ್ಲಲ್ಲ. ಅದಕ್ಕೆ ವಾಸನೆ ಹಿಡಿದು ಹುಡುಕುವುದನ್ನು ಕಲಿಸಬಹುದಾ?

ಖಂಡಿತ ಕಲಿಸಬಹುದು. ಮುಧೋಳ ಕಣ್ಣಿನಿಂದ ಬೇಟೆ ಆಡುವ ತಳಿ, ಏನಾದರೂ ಓಡಿದರೆ ಹಿಂದೆ ಓಡುತ್ತದೆ. ಹಾಗಂತ ಮೂಗು ಇಲ್ಲ ಅಂತಲ್ಲ, ಲ್ಯಾಬ್ರಡಾರ್‌ಗಿಂತ ತಾಳ್ಮೆ ಜಾಸ್ತಿ ಬೇಕು ಅಷ್ಟೇ.

ಮೊದಲು ಮನೆಯೊಳಗೆ ಆಡಿಸಿ. ಮೂರು ರಟ್ಟಿನ ಡಬ್ಬಗಳಲ್ಲಿ ಒಂದರಲ್ಲಿ ಬೇಯಿಸಿದ ಕೋಳಿ ಚೂರು ಇಡಿ. ಬೆರಳು ತೋರಿಸಬೇಡಿ, ಅದೇ ಹುಡುಕಲಿ. ತೋರಿಸಿದರೆ ಅದು ನಿಮ್ಮ ಮುಖ ನೋಡಿಕೊಂಡು ನಿಲ್ಲುತ್ತೆ!

ಇದು ಬಂದ ಮೇಲೆ ಬಯಲಿಗೆ ಹೋಗಿ. ಬೆಳಗಿನ ಹೊತ್ತು ಒಳ್ಳೆಯದು. ತೇವದ ಹುಲ್ಲಿನಲ್ಲಿ ವಾಸನೆ ಚೆನ್ನಾಗಿ ನಿಲ್ಲುತ್ತದೆ. ಬಿಸಿಲಲ್ಲಿ ನಾಲಿಗೆ ಚಾಚಿ ಏದುಸಿರು ಬಿಡುವ ನಾಯಿ ಸರಿಯಾಗಿ ಮೂಸುವುದಿಲ್ಲ. ಗಾಳಿ ನಿಮ್ಮ ಬೆನ್ನಿಗೆ ಬೀಸುವಂತೆ ಇಪ್ಪತ್ತು ಹೆಜ್ಜೆ ನೇರ ನಡೆಯಿರಿ. ಪ್ರತಿ ಹೆಜ್ಜೆಯಲ್ಲೂ ಚೂರು ತಿಂಡಿ, ಕೊನೆಯಲ್ಲಿ ಅದರ ಇಷ್ಟದ ಆಟಿಕೆ ಇಡಿ. ಆಮೇಲೆ ನಾಯಿಯನ್ನು ಶುರುವಿನ ಜಾಗಕ್ಕೆ ತಂದು, ನಿಮ್ಮ ಹೆಜ್ಜೆ ಮೂಸುತ್ತಾ ಹೋಗಲು ಬಿಡಿ. ಗಾಳಿ ಎದುರಿನಿಂದ ಬಂದರೆ ತಲೆ ಎತ್ತಿ ಸೀದಾ ಆಟಿಕೆಗೇ ಓಡಿಬಿಡುತ್ತೆ. ಕತ್ತಿನ ಪಟ್ಟಿ ಬೇಡ, ಎದೆಗೆ ಹಾಕುವ ಹಾರ್ನೆಸ್‌ಗೆ ಉದ್ದ ಹಗ್ಗ ಕಟ್ಟಿ.

ದಿನಕ್ಕೆ ಹತ್ತು ನಿಮಿಷ ಸಾಕು. ವಾರಗಳು ಕಳೆದಂತೆ ತಿಂಡಿ ಕಡಿಮೆ ಮಾಡಿ, ತಿರುವು ಸೇರಿಸಿ. ದಾರಿ ತಪ್ಪಿದರೆ ಗದರಬೇಡಿ, ಸುಮ್ನೆ ನಿಂತುಬಿಡಿ. ಅದೇ ವಾಪಸ್ ಬಂದು ಮೂಸುತ್ತದೆ.