ಹಿಲ್ಟೋ, ಕೋಯಿನ್ನೋ?

ಪ್ರಶ್ನೆ: ಕಾಟ್ಲಿನ್‌ನಲ್ಲಿ ಆಂಡ್ರಾಯ್ಡ್ ಆ್ಯಪ್ ಬರೆಯುತ್ತಿದ್ದೇವೆ. ನಾಲ್ಕು ಜನರ ತಂಡ, ಸುಮಾರು 15 ಸ್ಕ್ರೀನ್. ಡಿಪೆಂಡೆನ್ಸಿ ಇಂಜೆಕ್ಷನ್‌ಗೆ (ಕ್ಲಾಸಿಗೆ ಬೇಕಾದದ್ದನ್ನು ಅದೇ ಸೃಷ್ಟಿಸಿಕೊಳ್ಳದೆ ಹೊರಗಿನಿಂದ ಒದಗಿಸುವುದಕ್ಕೆ) ಹಿಲ್ಟ್ ಲೈಬ್ರರಿ ಬೇಕೆಂದು ಇಬ್ಬರು, ಕೋಯಿನ್ ಸಾಕೆಂದು ಇಬ್ಬರು ಪಟ್ಟು ಹಿಡಿದಿದ್ದಾರೆ. ಯಾವುದು ಸರಿ?

ಉತ್ತರ: ಇದೇ ಕೋಡನ್ನು ಮುಂದೆ ಐಫೋನ್‌ಗೂ ಬಳಸುವ ಯೋಚನೆ ಇದೆಯೇ? ಇದ್ದರೆ ಜಗಳ ಅಲ್ಲಿಗೇ ಮುಗಿಯಿತು, ಕೋಯಿನ್ ಹಾಕಿಕೊಳ್ಳಿ. ಅದು ಕಾಟ್ಲಿನ್ ಮಲ್ಟಿಪ್ಲಾಟ್‌ಫಾರ್ಮ್‌ನಲ್ಲೂ ನಡೆಯುತ್ತದೆ. ಹಿಲ್ಟ್ ಆಂಡ್ರಾಯ್ಡ್ ಬಿಟ್ಟು ಕದಲುವುದಿಲ್ಲ.

ಆಂಡ್ರಾಯ್ಡ್ ಒಂದೇ ಸಾಕು ಎಂದಾದರೆ ನಮ್ಮ ಮತ ಹಿಲ್ಟ್‌ಗೆ. ಗೂಗಲ್ 2020ರಲ್ಲಿ ಡ್ಯಾಗರ್ ಎಂಬ ಹಳೆಯ ಲೈಬ್ರರಿಯ ಮೇಲೆ ಕಟ್ಟಿ ಹೊರತಂದ ಇದು, ಯಾವ ಕ್ಲಾಸಿಗೆ ಏನು ಬೇಕೆಂಬುದನ್ನು ಬಿಲ್ಡ್ ಆಗುವಾಗಲೇ ಲೆಕ್ಕ ಹಾಕುತ್ತದೆ. ಒಂದು ಕೊಂಡಿ ತಪ್ಪಿದ್ದರೂ ‘ಮಿಸ್ಸಿಂಗ್ ಬೈಂಡಿಂಗ್’ ಎಂದು ಬಿಲ್ಡ್ ನಿಲ್ಲುತ್ತದೆ. ಕೋಯಿನ್ ಹುಡುಕುವುದು ಆ್ಯಪ್ ಓಡುವಾಗ. ಮಾಡ್ಯೂಲಿನಲ್ಲಿ (ಏನನ್ನು ಹೇಗೆ ಒದಗಿಸಬೇಕೆಂದು ಬರೆದಿಡುವ ಜಾಗ) ಒಂದು ಸಾಲು ಮರೆತಿದ್ದರೆ, ಆ ಸ್ಕ್ರೀನ್ ತೆರೆದ ಬಳಕೆದಾರರ ಫೋನಿನಲ್ಲೇ ಕ್ರ್ಯಾಶ್. ಕೋಯಿನ್ ಆರಿಸಿದರೆ ಮಾಡ್ಯೂಲಿನ ಮೇಲೆ ‘ವೆರಿಫೈ’ ಕರೆಯುವ ಟೆಸ್ಟ್ ಒಂದನ್ನು ಬರೆದು, ಮರ್ಜ್‌ಗೆ ಮುನ್ನ ತಪ್ಪದೆ ಓಡಿಸಿ.

ಹಿಲ್ಟ್‌ನಲ್ಲಿ ಬಿಲ್ಡ್ ನಿಧಾನ, ನಿಜ. ಅದರಲ್ಲಿ ದೊಡ್ಡ ಪಾಲು ‘@’ ಗುರುತುಗಳನ್ನು ಓದಲು ನೆರವಾಗುವ ‘ಕ್ಯಾಪ್ಟ್’ ಉಪಕರಣದ್ದು: ಕಾಟ್ಲಿನ್ ಫೈಲುಗಳಿಗೆಲ್ಲ ಮೊದಲು ಜಾವಾ ಸ್ಟಬ್ (ಒಳಗಿನ ಕೋಡ್ ಇಲ್ಲದ ಬರೀ ಚೌಕಟ್ಟು) ತಯಾರಿಸುತ್ತದೆ. ಡ್ಯಾಗರ್ 2.48ರಿಂದ ಅದರ ಬದಲು ಕಾಟ್ಲಿನ್ ಕೋಡನ್ನೇ ನೇರವಾಗಿ ಓದುವ ಕೆಎಸ್‌ಪಿ ಬಳಸಬಹುದು.

ಎರಡರಲ್ಲಿ ಯಾವುದೇ ಇರಲಿ, ಬೇಕಾದದ್ದನ್ನು ಕನ್‌ಸ್ಟ್ರಕ್ಟರ್‌ನಲ್ಲೇ ಕೇಳಿ. ಕ್ಲಾಸಿನ ಹೊಟ್ಟೆಯೊಳಗೆ ಕೋಯಿನ್‌ನ ‘ಗೆಟ್’ ಕರೆದಿಟ್ಟರೆ ನಾಳೆ ಬದಲಾಯಿಸುವಾಗ ಎಲ್ಲ ಫೈಲುಗಳಿಗೂ ಕೈಹಾಕಬೇಕಾಗುತ್ತದೆ.

ಪ್ರಶ್ನೆ: ಡೇಟಾ ತಂದುಕೊಡುವ ರಿಪಾಸಿಟರಿ ಕ್ಲಾಸಿಗೆ ‘@ಇಂಜೆಕ್ಟ್’ ಹಾಕಿದ್ದೇನೆ. ಆದರೂ ಅದರ ಇಂಟರ್‌ಫೇಸ್ ಕೇಳಿದ ಕಡೆ ಹಿಲ್ಟ್ ‘ಮಿಸ್ಸಿಂಗ್ ಬೈಂಡಿಂಗ್’ ಎನ್ನುತ್ತದೆ.

ಉತ್ತರ: ಆ ಇಂಟರ್‌ಫೇಸ್‌ಗೆ ಯಾವ ಕ್ಲಾಸ್ ಕೊಡಬೇಕೆಂದು ನೀವು ಹೇಳಿಯೇ ಇಲ್ಲ. ‘@ಇನ್‌ಸ್ಟಾಲ್‌ಇನ್’ ಇರುವ ಅಬ್‌ಸ್ಟ್ರ್ಯಾಕ್ಟ್ ಮಾಡ್ಯೂಲಿನಲ್ಲಿ ‘@ಬೈಂಡ್ಸ್’ ಫಂಕ್ಷನ್ ಬರೆಯಿರಿ: ನಿಮ್ಮ ಕ್ಲಾಸ್ ಪ್ಯಾರಾಮೀಟರ್ ಆಗಿರಲಿ, ಇಂಟರ್‌ಫೇಸ್ ರಿಟರ್ನ್ ಟೈಪ್ ಆಗಿರಲಿ. ರೆಟ್ರೋಫಿಟ್, ಓಕೆಎಚ್‌ಟಿಟಿಪಿಯಂಥ ಹೊರಗಿನ ನೆಟ್‌ವರ್ಕ್ ಲೈಬ್ರರಿಗಳಿಗೆ ‘@ಪ್ರೊವೈಡ್ಸ್’ ಬೇಕು, ಜೊತೆಗೆ ‘@ಸಿಂಗಲ್‌ಟನ್’ (ಇಡೀ ಆ್ಯಪ್‌ಗೆ ಒಂದೇ ಪ್ರತಿ) ಕೂಡ. ಅದಿಲ್ಲದಿದ್ದರೆ ಕೇಳಿದಾಗಲೆಲ್ಲ ಹೊಸ ಕ್ಲೈಂಟ್ ಹುಟ್ಟಿ, ಪ್ರತಿಯೊಂದೂ ತನ್ನದೇ ಕನೆಕ್ಷನ್ ಪೂಲ್ ಇಟ್ಟುಕೊಳ್ಳುತ್ತದೆ. ಹಾಗೆಂದು ಕಂಡಕಂಡದ್ದಕ್ಕೆಲ್ಲ ಸಿಂಗಲ್‌ಟನ್ ಅಂಟಿಸಬೇಡಿ. ಸಿಂಗಲ್‌ಟನ್‌ಗೆ ಕಾಂಟೆಕ್ಸ್ಟ್ (ಆ್ಯಪ್‌ನ ಸಂಪನ್ಮೂಲಗಳಿಗೆ ದಾರಿ ಕೊಡುವ ಆಂಡ್ರಾಯ್ಡ್ ವಸ್ತು) ಬೇಕಾದರೆ ‘@ಅಪ್ಲಿಕೇಶನ್‌ಕಾಂಟೆಕ್ಸ್ಟ್’ ಇದೆ. ಸ್ಕ್ರೀನ್ ತೋರಿಸುವ ಆಕ್ಟಿವಿಟಿಯನ್ನೇ ಸಿಂಗಲ್‌ಟನ್‌ನೊಳಗೆ ತುರುಕಿದರೆ ಫೋನ್ ಅಡ್ಡ ತಿರುಗಿಸಿದ ಮೇಲೂ ಹಳೆಯ ಆಕ್ಟಿವಿಟಿ ಮೆಮರಿಯಲ್ಲೇ ಉಳಿಯುತ್ತದೆ.