ನಿಲ್ಲಿಸುವ ಸ್ವಿಚ್ಚಿಗೆ ಬೀಗ ಬೇಡ

ಮನೆ–ಯಂತ್ರ ಪ್ರಶ್ನೋತ್ತರ. ಉತ್ತರಿಸುವವರು ಪುಣೆಯ ಭೋಸರಿ ಕೈಗಾರಿಕಾ ಪ್ರದೇಶದಲ್ಲಿ 34 ವರ್ಷ ಬರ್ನರ್ ಮತ್ತು ಬಾಯ್ಲರ್ ದುರಸ್ತಿ ಮಾಡಿ ನಿವೃತ್ತರಾದವರು.

ಪ್ರಶ್ನೆ: ಕಳೆದ ಚಳಿಗಾಲದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿರುವ ಮಗನ ಮನೆಯಲ್ಲಿ ನಾಲ್ಕು ತಿಂಗಳಿದ್ದೆವು. ನೆಲಮಾಳಿಗೆಯಲ್ಲಿ ಎಣ್ಣೆಯಿಂದ ಉರಿಯುವ ಬಾಯ್ಲರ್ ಇದೆ. ಇಡೀ ಮನೆ ಬೆಚ್ಚಗಾಗುವುದು ಅದರಿಂದಲೇ. ಮೆಟ್ಟಿಲ ತಲೆಯಲ್ಲಿ ದೀಪದ ಸ್ವಿಚ್ಚಿನ ಪಕ್ಕಕ್ಕೇ ಕೆಂಪು ಫಲಕದ ಇನ್ನೊಂದು ಸ್ವಿಚ್ಚು. ಒಂದು ಸಂಜೆ ಸೊಂಟದ ಮೇಲೆ ಬಟ್ಟೆಯ ಬುಟ್ಟಿ ಹೊತ್ತು ಮೇಲೆ ಬಂದವಳು ದೀಪವೆಂದುಕೊಂಡು ಕೆಂಪು ಸ್ವಿಚ್ಚನ್ನೇ ಆರಿಸಿಬಿಟ್ಟೆ. ಬೆಳಗಿನ ಜಾವ ಮೂರಕ್ಕೆ ಮೊಮ್ಮಗು ಚಳಿಗೆ ಅಳುತ್ತಾ ಎದ್ದಿತು. ಮೆಕ್ಯಾನಿಕ್ ಬಂದು ಆ ಸ್ವಿಚ್ಚನ್ನು ಮೇಲಕ್ಕೆ ತಳ್ಳಿ, ದುಡ್ಡು ತೆಗೆದುಕೊಂಡು ಹೋದ. ಈಗ ಮಗ ಅದರ ಮೇಲೆ ದಪ್ಪನೆಯ ಟೇಪ್ ಸುತ್ತಿದ್ದಾನೆ. ಸೊಸೆ ಬೀಗವಿರುವ ಚಿಕ್ಕ ಪೆಟ್ಟಿಗೆ ಕೂರಿಸೋಣ ಎನ್ನುತ್ತಾಳೆ. ಯಾವುದು ಸರಿ? ಡಿಸೆಂಬರಿನಲ್ಲಿ ಮತ್ತೆ ಹೋಗುವವರಿದ್ದೇವೆ.
— ಓದುಗರು, ಡೊಂಬಿವಲಿ

ಉತ್ತರ: ಎರಡೂ ಬೇಡ ತಾಯಿ. ಟೇಪನ್ನು ಇವತ್ತೇ ಫೋನ್ ಮಾಡಿ ತೆಗೆಸಿ. ಉಳಿದದ್ದನ್ನು ನಿಧಾನವಾಗಿ ಮಾಡಿಸಬಹುದು.

ಮೊದಲು ನಿಮ್ಮ ಮನಸ್ಸಿನ ಭಾರ ಇಳಿಸುತ್ತೇನೆ. ಒಂದೇ ಎತ್ತರದಲ್ಲಿ, ಒಂದೇ ಆಕಾರದ ಎರಡು ಸ್ವಿಚ್ಚುಗಳನ್ನು ಪಕ್ಕಪಕ್ಕದಲ್ಲಿ ಕೂರಿಸಿದ ಮೇಲೆ ಕೈ ತಪ್ಪುವುದು ಸಹಜ. ಬುಟ್ಟಿ ಹೊತ್ತವರು ಬೆರಳಿನಿಂದ ಹುಡುಕುತ್ತಾರೆಯೇ ಹೊರತು ಕಣ್ಣಿನಿಂದಲ್ಲ. ನನ್ನ ಮಗಳು ಅದೇ ರಾಜ್ಯದ ವೂಸ್ಟರ್‌ನಲ್ಲಿದ್ದಾಳೆ. ಅವಳ ಮನೆಗೆ ಹೋದ ಮೊದಲ ದಿನವೇ ನಾನು ನೆಲಮಾಳಿಗೆಗೆ ಇಳಿದು ಕುಳಿತಿದ್ದೆ. ಹಳೆಯ ಕಸುಬು ಸುಮ್ಮನೆ ಬಿಡುತ್ತದೆಯೇ? ಆ ಮನೆಯಲ್ಲೂ ಕೆಂಪು ಸ್ವಿಚ್ಚು ದೀಪದ ಸ್ವಿಚ್ಚಿನ ಪಕ್ಕದಲ್ಲೇ ಇತ್ತು.

ಮುಚ್ಚಳ ಎಂಥದ್ದಿರಬೇಕು ಎಂಬುದು ಆ ಸ್ವಿಚ್ಚು ಏನು ಮಾಡುತ್ತದೆ ಎಂಬುದರ ಮೇಲೆ ನಿಂತಿದೆ. ಮೂಲೆಯಲ್ಲಿ ಒಂದು ಟ್ಯಾಂಕ್ ನೋಡಿರುತ್ತೀರಿ. ಸಾಮಾನ್ಯವಾಗಿ 275 ಗ್ಯಾಲನ್ನಿನದು, ಅಂದರೆ ಸುಮಾರು 1,040 ಲೀಟರ್. ಅದರಲ್ಲಿರುವುದು ನಮ್ಮ ಡೀಸೆಲ್ಲಿನ ಜಾತಿಯದೇ ಎಣ್ಣೆ. ತೆರಿಗೆಯ ಲೆಕ್ಕ ಬೇರೆಯಾದ್ದರಿಂದ ಕೆಂಪು ಬಣ್ಣ ಬೆರೆಸಿರುತ್ತಾರೆ. ಬರ್ನರಿನ ಪಂಪು ಆ ಎಣ್ಣೆಯನ್ನು ಚದರ ಅಂಗುಲಕ್ಕೆ 100ರಿಂದ 140 ಪೌಂಡ್ ಒತ್ತಡದಲ್ಲಿ ಸೂಜಿಮೊನೆಯಂಥ ನಾಜಲ್‌ನಿಂದ ಹೊರಕ್ಕೆ ತಳ್ಳುತ್ತದೆ. ಕಾರಿನ ಟೈರಿನಲ್ಲಿರುವುದು 30ರ ಆಸುಪಾಸು ಎಂದು ನೆನೆದರೆ ಅದರ ರಭಸ ತಿಳಿಯುತ್ತದೆ. ಎಣ್ಣೆ ಮಂಜಾಗಿ ಹಾರುತ್ತದೆ, ಫ್ಯಾನು ಗಾಳಿ ಕೊಡುತ್ತದೆ, ಹತ್ತು ಸಾವಿರ ವೋಲ್ಟಿನ ಕಿಡಿ ಹೊತ್ತಿಸುತ್ತದೆ.

ಬೆಂಕಿ ಹೊತ್ತಿತೋ ಇಲ್ಲವೋ ಎಂದು ಕಾಯುವುದಕ್ಕೆ ಒಂದು ಕಣ್ಣಿದೆ. ಕಡಲೆಬೇಳೆಗಿಂತ ತುಸು ದೊಡ್ಡದಾದ ಫೋಟೋಸೆಲ್. ಬೆಳಕು ಬಿದ್ದರೆ ಅದರಲ್ಲಿ ವಿದ್ಯುತ್ತು ಸರಾಗವಾಗಿ ಹರಿಯುತ್ತದೆ, ಕತ್ತಲಾದರೆ ತಡೆ ಹತ್ತಾರು ಪಟ್ಟು ಏರುತ್ತದೆ. ಮಾದರಿಗೆ ತಕ್ಕಂತೆ 15ರಿಂದ 45 ಸೆಕೆಂಡಿನೊಳಗೆ ಜ್ವಾಲೆ ಕಾಣದಿದ್ದರೆ ನಿಯಂತ್ರಕ ಎಲ್ಲವನ್ನೂ ನಿಲ್ಲಿಸಿ ಬೀಗ ಹಾಕಿಕೊಂಡು ಕೂರುತ್ತದೆ. ಲಾಕ್‌ಔಟ್ ಎನ್ನುವುದು ಇದನ್ನೇ.

ಆದರೆ ಆ ಕಣ್ಣು ಒಲೆಯ ಒಳಗನ್ನಷ್ಟೇ ನೋಡುತ್ತದೆ. ಕೊಳವೆಯ ಸಂದಿಯಿಂದ ಎಣ್ಣೆ ನೆಲಕ್ಕೆ ಸೋರಿ ಹೊರಗೆ ಹೊತ್ತಿಕೊಂಡರೆ ಅದಕ್ಕೆ ತಿಳಿಯದು. ಬಾಯ್ಲರಿನ ಮೇಲ್ಗಡೆ ಸೂರಿಗೆ ಹೊಡೆದ ಒಂದು ಉಷ್ಣ ಸ್ವಿಚ್ಚು ಹಲವು ಮನೆಗಳಲ್ಲಿರುತ್ತದೆ. ಸುಮಾರು 74 ಡಿಗ್ರಿ ಸೆಲ್ಸಿಯಸ್‌ಗೆ ಅದರೊಳಗಿನ ಲೋಹ ಕರಗಿ ವಿದ್ಯುತ್ತು ಕಡಿಯುತ್ತದೆ. ಅದಕ್ಕೂ ಮೊದಲು ಕೆಲಸ ಮಾಡಬೇಕಾದದ್ದು ಮನುಷ್ಯನ ಕೈ. ಹೊಗೆ ತುಂಬಿದ ನೆಲಮಾಳಿಗೆಗೆ ಯಾರೂ ಇಳಿಯದೆ, ಬಾಗಿಲಲ್ಲೇ ನಿಂತು ಪಂಪು ನಿಲ್ಲಿಸಿ ಹೊರಗೆ ಓಡಲಿ ಎಂದೇ ಕೆಂಪು ಸ್ವಿಚ್ಚನ್ನು ಮೆಟ್ಟಿಲ ತಲೆಯಲ್ಲಿ ಇಟ್ಟಿರುವುದು.

ಈಗ ಆ ಟೇಪನ್ನು ಯೋಚಿಸಿ ನೋಡಿ. ಕಣ್ಣು ಉರಿಯುತ್ತಿದೆ, ಕಂಕುಳಲ್ಲಿ ಮಗು. ಗೋಡೆ ತಡವುವ ಬೆರಳಿಗೆ ಸಿಗುವುದು ಸ್ವಿಚ್ಚಿನ ಮೂಗಲ್ಲ, ಜಾರುವ ಪ್ಲಾಸ್ಟಿಕ್. ಅದರ ತುದಿಯನ್ನು ಉಗುರಿನಲ್ಲಿ ಎಬ್ಬಿಸಲು ಬೆಳಗಿನ ಬೆಳಕಿನಲ್ಲೇ ಅರ್ಧ ನಿಮಿಷ ಬೇಕು.

ಬೀಗದ ವಿಷಯದಲ್ಲಿ ನಾನು ಕಣ್ಣಾರೆ ಕಂಡದ್ದನ್ನು ಹೇಳಬೇಕು. ತೊಂಬತ್ತರ ದಶಕದಲ್ಲಿ ಭೋಸರಿಯ ಒಂದು ಲಾಂಡ್ರಿಯಲ್ಲಿ ಯಾರೋ ಪದೇಪದೇ ಬಾಯ್ಲರ್ ಆರಿಸುತ್ತಾರೆಂದು ತುರ್ತು ಸ್ವಿಚ್ಚಿಗೆ ತಗಡಿನ ಡಬ್ಬಿ ಕೂರಿಸಿ ಬೀಗ ಹಾಕಿದ್ದರು. ಬೀಗದ ಕೈ ಮೇಲ್ವಿಚಾರಕರ ಜೇಬಿನಲ್ಲಿ, ಮೇಲ್ವಿಚಾರಕರು ಚಹಾದಂಗಡಿಯಲ್ಲಿ. ಅವತ್ತು ಎಣ್ಣೆಯ ಹೋಸ್ ಬಿಟ್ಟುಕೊಂಡು ಬರ್ನರಿನ ಕೆಳಗೆ ಬೆಂಕಿ ಹತ್ತಿತು. ಬಾಯ್ಲರ್ ನೋಡಿಕೊಳ್ಳುತ್ತಿದ್ದ ವಿಜಾಪುರದ ಹುಡುಗ ಪೈಪ್ ಪಾನಾದಿಂದ ಆ ಡಬ್ಬಿಯನ್ನು ಬಡಿದ. ನಾನು ತಲುಪುವ ಹೊತ್ತಿಗೆ ಬೆಂಕಿ ಆರಿತ್ತು. ಡಬ್ಬಿಯ ಮೇಲೆ ಏಳು ಏಟಿನ ಗುರುತಿದ್ದವು. ನಾನು ಬೆರಳಿಟ್ಟು ಎಣಿಸಿದೆ. ಏಳನೆಯ ಏಟಿಗೆ ಕೊಂಡಿ ಮುರಿದಿತ್ತು. ಹುಡುಗನ ಬಲಗೈಯ ಮೇಲ್ಭಾಗದ ಚರ್ಮ ಬೆಂದ ಆಲೂಗಡ್ಡೆಯ ಸಿಪ್ಪೆಯಂತೆ ಎದ್ದಿತ್ತು. ಆ ದಿನದಿಂದ ನಿಲ್ಲಿಸುವ ಸ್ವಿಚ್ಚಿಗೆ ಬೀಗ ಹಾಕಿದ್ದನ್ನು ಎಲ್ಲಿ ಕಂಡರೂ, ಬಿಚ್ಚಿಸದೆ ನಾನು ಬೇರೆ ಕೆಲಸಕ್ಕೆ ಕೈ ಹಚ್ಚಿದವನಲ್ಲ.

ಹಾಗೆಂದು ಬೋಳಾಗಿಯೇ ಬಿಡಿ ಎನ್ನುವುದಿಲ್ಲ. ಹೊರಗೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿರುವಾಗ ಬಾಯ್ಲರ್ ಗಂಟೆಗಟ್ಟಲೆ ಆರಿದ್ದರೆ ಗೋಡೆಯೊಳಗಿನ ನೀರಿನ ಕೊಳವೆ ಹೆಪ್ಪುಗಟ್ಟಿ ಒಡೆಯಬಹುದು. ನೀರು ಮಂಜುಗಡ್ಡೆಯಾದಾಗ ಸುಮಾರು ಶೇಕಡ 9ರಷ್ಟು ಉಬ್ಬುತ್ತದೆ, ತಾಮ್ರದ ಕೊಳವೆಯೂ ಅದಕ್ಕೆ ತಡೆಯದು. ಆದ್ದರಿಂದ ನಿಮಗೆ ಬೇಕಾದದ್ದು ಮೊಣಕೈಯನ್ನೂ ಬುಟ್ಟಿಯನ್ನೂ ತಡೆದು, ಅಂಗೈಗೆ ದಾರಿ ಬಿಡುವ ಕವಚ.

ಅಂಥದ್ದರಲ್ಲಿ ಎರಡು ಬಗೆ ಸಿಗುತ್ತವೆ. ಒಂದು, ಮೇಲ್ಗಡೆ ಕೀಲಿರುವ ಪಾರದರ್ಶಕ ಮುಚ್ಚಳ. ಕೆಳಗಿನಿಂದ ಒಂದು ಬೆರಳಿನಲ್ಲಿ ಎತ್ತಿದರೆ ಸಾಕು, ಒಳಗಿನ ಕೆಂಪು ಫಲಕ ಮತ್ತು ಬರಹ ಹೊರಕ್ಕೆ ಕಾಣುತ್ತಲೇ ಇರುತ್ತದೆ. ಇನ್ನೊಂದು, ಸ್ವಿಚ್ಚಿನ ಎರಡೂ ಬದಿಗೆ ಗೋಡೆಯಂತೆ ನಿಲ್ಲುವ ಲೋಹದ ಬಳೆ. ಸ್ವಿಚ್ಚಿನ ಮೂಗು ಅದರ ನಡುವಿನ ಕಣಿವೆಯಲ್ಲಿರುತ್ತದೆ. ಬುಟ್ಟಿ ತಾಗಿದರೆ ಬಳೆಗೆ ತಾಗುತ್ತದೆ. ಆದರೆ ನೀವು ದೀಪವೆಂದು ಭ್ರಮಿಸಿ ಆರಿಸಿದವರು, ಬಳೆಯ ನಡುವೆಯೂ ಬೆರಳು ಹೋದೀತು. ನಿಮಗೆ ಮೊದಲನೆಯದೇ ಸರಿ. ಮುಚ್ಚಳ ಬೆರಳಿಗೆ ತಾಗಿದ ಕ್ಷಣವೇ ‘ಇದು ದೀಪದ್ದಲ್ಲ’ ಎಂದು ತಿಳಿಯುತ್ತದೆ. ಅಂಗಡಿಯಲ್ಲಿ ಮೂರನೆಯದೂ ಒಂದಿದೆ: ಸ್ವಿಚ್ಚು ಕದಲದಂತೆ ಸ್ಕ್ರೂ ಹಾಕಿ ಹಿಡಿದಿಡುವ ಪಟ್ಟಿ. ಅದು ಮಾಮೂಲಿ ದೀಪಗಳಿಗೆ. ಇದಕ್ಕೆ ಕೂಡದು.

ಕೂರಿಸುವ ಮೊದಲು ಮಗ ಎಣ್ಣೆ ಕಂಪನಿಯ ತಂತ್ರಜ್ಞರನ್ನೂ ಊರಿನ ಅಗ್ನಿಶಾಮಕ ಇಲಾಖೆಯನ್ನೂ ಒಂದು ಮಾತು ಕೇಳಲಿ. ಆ ರಾಜ್ಯದಲ್ಲಿ ಎಣ್ಣೆ ಬರ್ನರ್ ಅಳವಡಿಸಲು ಆ ಇಲಾಖೆಯ ಅನುಮತಿಯೇ ಬೇಕು. ದೀಪದ ಸ್ವಿಚ್ಚನ್ನು ಬಾಗಿಲಿನ ಇನ್ನೊಂದು ಬದಿಗೆ ಸರಿಸುವುದಾದರೆ ಇನ್ನೂ ಒಳ್ಳೆಯದು. ಕೂರಿಸಿದ ಮೇಲೆ ಮನೆಯ ಪ್ರತಿಯೊಬ್ಬರೂ, ನಿಮ್ಮ ಯಜಮಾನರೂ ಸೇರಿ, ಕಣ್ಣು ಮುಚ್ಚಿ ಎಡಗೈಯೊಂದರಿಂದಲೇ ಅದನ್ನು ಆರಿಸಿ ನೋಡಬೇಕು. ಎರಡು ಎಣಿಸುವಷ್ಟರಲ್ಲಿ ಆಗದಿದ್ದರೆ ಆ ಮುಚ್ಚಳ ಬೇಡ. ಕೆಂಪು ಫಲಕದ ಕೆಳಗೆ ‘ಬಾಯ್ಲರ್: ಬೆಂಕಿ ಬಿದ್ದರೆ ಕೆಳಕ್ಕೆ ಒತ್ತಿ’ ಎಂದು ದಪ್ಪಕ್ಷರದ ಕನ್ನಡದಲ್ಲಿ ಬರೆದು ಅಂಟಿಸಿ. ಇಂಗ್ಲಿಷ್ ಬಲ್ಲವರೂ ಗಾಬರಿಯಲ್ಲಿ ಮೊದಲು ಓದುವುದು ತಾಯಿನುಡಿಯನ್ನೇ.

ಪ್ರಶ್ನೆ: ಹಡಪ್ಸರದಲ್ಲಿ ನಮ್ಮದು ಲಾಡ್ಜ್. ಬಿಸಿನೀರಿಗೆ ಡೀಸೆಲ್ ಬರ್ನರ್ ಇದೆ. ಅದು ನಿಂತಾಗಲೆಲ್ಲ ಹುಡುಗರು ಕೆಂಪು ರೀಸೆಟ್ ಗುಂಡಿಯನ್ನು ಒತ್ತುತ್ತಲೇ ಇರುತ್ತಾರೆ. ಮೊನ್ನೆ ದೊಡ್ಡ ಸದ್ದಾಗಿ ಕೋಣೆಯೆಲ್ಲ ಮಸಿ. ನೀವು ಬೀಗ ಬೇಡ ಎನ್ನುತ್ತಿರುತ್ತೀರಿ. ಇದಕ್ಕೂ ಬೇಡವೇ?
— ಓದುಗರು, ಪುಣೆ

ಉತ್ತರ: ಇದಕ್ಕೆ ಹಾಕಿ, ಇವತ್ತೇ ಹಾಕಿ. ಬಣ್ಣ ಒಂದೇ ಕೆಂಪಾದರೂ ಇದು ನಿಲ್ಲಿಸುವ ಗುಂಡಿಯಲ್ಲ, ಮತ್ತೆ ಹಚ್ಚುವ ಗುಂಡಿ. ಹಚ್ಚುವುದು ಹತ್ತು ನಿಮಿಷ ತಡವಾದರೆ ಯಾರೋ ಅತಿಥಿ ತಣ್ಣೀರಿಗೆ ಬೈದಾರು, ಅಷ್ಟೇ.

ಮೊನ್ನೆ ನಿಮ್ಮಲ್ಲಿ ಆದದ್ದರ ಲೆಕ್ಕ ಹೀಗಿದೆ. ಗಂಟೆಗೆ 10 ಲೀಟರ್ ಸುಡುವ ಬರ್ನರ್ ಎಂದಿಟ್ಟುಕೊಳ್ಳಿ. ಜ್ವಾಲೆಗಾಗಿ ಅದು 10 ಸೆಕೆಂಡು ಕಾಯುವುದಾದರೆ ಅಷ್ಟರಲ್ಲಿ ಸುಮಾರು 28 ಮಿಲಿಲೀಟರ್ ಡೀಸೆಲ್ ಒಳಗೆ ಬಿದ್ದಿರುತ್ತದೆ. ಐದು ಸಲ ಒತ್ತಿದರೆ 140, ಹೆಚ್ಚುಕಡಿಮೆ ಒಂದು ಲೋಟ ಚಹಾದಷ್ಟು. ಬಿಸಿ ಇಟ್ಟಿಗೆಯ ಮೇಲೆ ಅದು ಆವಿಯಾಗಿ ತುಂಬಿಕೊಳ್ಳುತ್ತದೆ. ಆರನೆಯ ಸಲ ಕಿಡಿ ಹತ್ತಿತೋ, ಅಷ್ಟೂ ಒಮ್ಮೆಲೇ. ನಿಮ್ಮ ಪುಣ್ಯ, ಮಸಿಯಲ್ಲೇ ಮುಗಿಯಿತು. ಒಲೆಯ ಬಾಗಿಲಿನ ಕಿಂಡಿಗೆ ಕಣ್ಣಿಟ್ಟು ನೋಡುತ್ತಿದ್ದವನ ಹುಬ್ಬು ಸುಟ್ಟದ್ದನ್ನು ನಾನು ಕಂಡಿದ್ದೇನೆ. ಆ ವಾಸನೆ ನೆನಪಾದರೆ ಇವತ್ತಿಗೂ ಊಟ ಸೇರುವುದಿಲ್ಲ.

ನಿಯಂತ್ರಕದ ಮೇಲೆ ಪಾರದರ್ಶಕ ಕಿಟಕಿಯ ಡಬ್ಬಿ ಕೂರಿಸಿ. ಸೂಚಕ ದೀಪ ಹೊರಗೆ ಕಾಣಲಿ, ಗುಂಡಿ ಒಳಗಿರಲಿ. ಬೀಗದ ಕೈ ತಿಳಿದವರೊಬ್ಬರ ಬಳಿ ಇರಲಿ. ನಿಯಮ ಇಷ್ಟೇ: ಒಂದು ಸಲ ಒತ್ತಬಹುದು. ಹೊತ್ತದಿದ್ದರೆ ಮೆಕ್ಯಾನಿಕ್ ಬರುವ ತನಕ ಯಾರೂ ಮುಟ್ಟಬಾರದು. ಅಮೆರಿಕದ ಮನೆಗಳಿಗೆ ಬರುವ ಹೊಸ ನಿಯಂತ್ರಕಗಳಲ್ಲಿ ಕೆಲವು ಸತತ ಮೂರು ಸಲ ಲಾಕ್‌ಔಟ್ ಆದರೆ ಸಾಮಾನ್ಯ ಒತ್ತುವಿಕೆಗೆ ಬಗ್ಗುವುದೇ ಇಲ್ಲ. ನಿಮ್ಮದು ಹಳೆಯದಿದ್ದರೆ ಆ ಶಿಸ್ತನ್ನು ಡಬ್ಬಿಯಿಂದಲೇ ತರಬೇಕು. ಮುಖ್ಯ ಸ್ವಿಚ್ಚನ್ನು ಮಾತ್ರ ಕೋಣೆಯ ಬಾಗಿಲಲ್ಲಿ, ಬೀಗವಿಲ್ಲದೆ, ಎಲ್ಲರ ಕೈಗೆ ಸಿಗುವಂತೆ ಇಡಿ. ಎರಡಕ್ಕೂ ನಿಮ್ಮ ಹುಡುಗರು ಓದುವ ಭಾಷೆಗಳಲ್ಲಿ ಚೀಟಿ ಅಂಟಿಸಿ.

ಮತ್ತೆಮತ್ತೆ ಲಾಕ್‌ಔಟ್ ಆಗುವುದಕ್ಕೆ ಕಾರಣ ಬೇರೆಯೇ ಇದೆ, ಡಬ್ಬಿ ಅದನ್ನು ಸರಿಪಡಿಸದು. ಮೊದಲು ಫೋಟೋಸೆಲ್ಲನ್ನು ಎಳೆದು ಮೆತ್ತನೆಯ ಬಟ್ಟೆಯಿಂದ ಒರೆಸಿಸಿ. ಮಸಿ ಹಿಡಿದರೆ ಉರಿಯುವ ಬೆಂಕಿಯೂ ಅದಕ್ಕೆ ಕತ್ತಲೆಯೇ. ಆಮೇಲೆ ನಾಜಲ್, ಫಿಲ್ಟರ್. ಮಳೆಗಾಲದಲ್ಲಾದರೆ ಟ್ಯಾಂಕಿನ ತಳದ ನೀರು ಬಸಿಯಿರಿ.

ಪ್ರಶ್ನೆ: ವಾಸ್ಕೋದಲ್ಲಿ ಸಮುದ್ರದ ಹತ್ತಿರ ನಮ್ಮ ಬೇಕರಿ. ಬರ್ನರ್ ನಿಯಂತ್ರಕದ ತಗಡಿನ ಡಬ್ಬಿ ಎರಡೇ ಮಳೆಗಾಲಕ್ಕೆ ತುಕ್ಕು ಹಿಡಿದು ಉದುರುತ್ತಿದೆ. ಏನು ಹಾಕಿಸಲಿ?
— ಓದುಗರು, ಗೋವಾ

ಉತ್ತರ: ಉಪ್ಪುಗಾಳಿಗೆ ಬಣ್ಣ ಹಚ್ಚಿದ ತಗಡು ನಿಲ್ಲುವುದಿಲ್ಲ. ಕೊರೆದ ಅಂಚಿನಿಂದಲೇ ಬಣ್ಣ ಎದ್ದು ಒಳಗೊಳಗೇ ತಿನ್ನುತ್ತದೆ. ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಡಬ್ಬಿ ಅಥವಾ 316 ದರ್ಜೆಯ ಸ್ಟೇನ್‌ಲೆಸ್ ಉಕ್ಕಿನದು ಹಾಕಿಸಿ. ಮೇಲೆ ಐಪಿ 65 ಎಂದಿರಬೇಕು; 6 ಎಂದರೆ ಹಿಟ್ಟಿನ ಧೂಳೂ ಒಳಹೋಗದು, 5 ಎಂದರೆ ನೀರು ಚಿಮ್ಮಿದರೂ ತಡೆಯುತ್ತದೆ. ಬೇಕರಿಗೆ ಎರಡೂ ಬೇಕು. ಪ್ಲಾಸ್ಟಿಕ್ಕಿನದಾದರೆ ಬರ್ನರಿನ ಮುಖದಿಂದ ದೂರ, ಪಕ್ಕದ ಗೋಡೆಗೆ ಕೂರಿಸಿ. ತಂತಿಗಳು ಕೆಳಗಿನಿಂದಲೇ ಒಳಬರಲಿ, ಪ್ರತಿಯೊಂದಕ್ಕೂ ತಂತಿಯ ಸುತ್ತ ಬಿಗಿದು ಸಂದಿ ಮುಚ್ಚುವ ಗ್ಲ್ಯಾಂಡ್ ಇರಲಿ. ಎಲೆಕ್ಟ್ರಿಶಿಯನ್ ಅವಸರದಲ್ಲಿ ಡಬ್ಬಿಯ ತಲೆಯಲ್ಲಿ ಒಂದು ತೂತು ಹೆಚ್ಚಿಗೆ ಕೊರೆದರೆ ಐಪಿ 65 ಅಲ್ಲಿಗೇ ಮುಗಿಯಿತು. ಕೆಲಸ ಆಗುವಾಗ ನೀವೇ ಪಕ್ಕದಲ್ಲಿ ನಿಂತಿರಿ.

ಪ್ರಶ್ನೆ: ನಮ್ಮ ಕಟ್ಟಡದ ಜನರೇಟರನ್ನು ತುರ್ತಿನಲ್ಲಿ ನಿಲ್ಲಿಸುವ, ಅಣಬೆಯಾಕಾರದ ಕೆಂಪು ಗುಂಡಿಯನ್ನು ಮಕ್ಕಳು ಆಟಕ್ಕೆ ಒತ್ತುತ್ತಾರೆ. ಸಮಿತಿಯವರು ಗ್ರಿಲ್ ಹಾಕಿ ಬೀಗ ಜಡಿಯುವ ಯೋಚನೆಯಲ್ಲಿದ್ದಾರೆ.
— ಓದುಗರು, ಠಾಣೆ

ಉತ್ತರ: ಗ್ರಿಲ್ ಬೇಡ. ಎತ್ತಿದರೆ ಬಜರ್ ಕೂಗುವ ಪಾರದರ್ಶಕ ಮುಚ್ಚಳಗಳು ಸಿಗುತ್ತವೆ. ಸದ್ದಾದ ಕೂಡಲೇ ಮಕ್ಕಳು ಓಡುತ್ತಾರೆ, ನಿಜವಾಗಿ ನಿಲ್ಲಿಸಬೇಕಾದವರು ಸದ್ದಿನ ನಡುವೆಯೇ ಒತ್ತುತ್ತಾರೆ. ಅಣಬೆ ಗುಂಡಿಯನ್ನು ತಿರುಗಿಸಿ ಬಿಡಿಸಿದಾಗ ಜನರೇಟರ್ ತಾನಾಗಿಯೇ ಶುರುವಾಗಬಾರದು. ಅದನ್ನೂ ಒಮ್ಮೆ ಪರೀಕ್ಷಿಸಿ. ಬಜರಿನ ಬ್ಯಾಟರಿಯನ್ನು ವರ್ಷಕ್ಕೊಮ್ಮೆ, ಗಣೇಶೋತ್ಸವದ ವೈರಿಂಗ್ ಮಾಡಿಸುವ ಹೊತ್ತಿಗೆ, ಬದಲಾಯಿಸಿಕೊಳ್ಳಿ.